ಚಪ್ಪಾಳೆ ಬಿದ್ದ ಜಾಗ

ಹುನಗುಂದದ ಸಭಾಭವನದಲ್ಲಿ ಮೊದಲ ಚಪ್ಪಾಳೆ ಬಿದ್ದಾಗ ಪರದೆಯ ಪಕ್ಕ ನಿಂತಿದ್ದ ನನಗೆ ಖುಷಿಯಾಗಿತ್ತು. ಸ್ವಲ್ಪ ಹೊತ್ತಿನಲ್ಲೇ ಎರಡನೆಯದು ಬಿತ್ತು. ಅದು ಮೊದಲಿನದಕ್ಕಿಂತ ಜೋರಾಗಿತ್ತು, ಜೊತೆಗೆ ಸಿಳ್ಳೆಯೂ ಇತ್ತು. ನಾಲ್ಕು ವರ್ಷ ಕೂತು ಬರೆದ ಕಾದಂಬರಿಯಲ್ಲಿ ಏನೋ ದೊಡ್ಡದೊಂದು ಸುಳ್ಳಿದೆ ಎಂದು ನನಗೆ ಅನಿಸಿದ್ದು ಆ ಎರಡನೇ ಚಪ್ಪಾಳೆಯ ಹೊತ್ತಿನಲ್ಲಿ.

ಕಾದಂಬರಿಯ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ಹೆಸರು 'ಕೆಳಪೇಟೆ'. ಮುಂದೆಂದೋ ಬರುವ ಕಾಲದ ಒಂದು ಊರು. ಗುಡ್ಡದ ಮೇಲೆ ಮೇಲ್ಪೇಟೆ, ಬುಡದಲ್ಲಿ ಕೆಳಪೇಟೆ, ನಡುವೆ ಗೋಡೆ. ಬಟ್ಟೆ ನೇಯುವವರೆಲ್ಲ ಕೆಳಗೆ, ಉಡುವವರೆಲ್ಲ ಮೇಲೆ. ಊರಿಗೆಲ್ಲ ನೀರು ಗುಡ್ಡದ ಮೇಲಿನ ಒಂದೇ ಟಾಕಿಯಿಂದ ಬರಬೇಕು. ಅದರ ಚಾವಿ ಮೇಲ್ಪೇಟೆಯ ಪಂಚರ ಕೈಯಲ್ಲಿ. ಕೆಳಗೆ ಮಗ್ಗ ನಿಂತರೆ ನಳವೂ ನಿಲ್ಲುತ್ತದೆ. ಸಂಗಪ್ಪ ಎಂಬ ನೇಕಾರ ಮತ್ತು ಅವನ ಜೊತೆ ಮಗ್ಗದಲ್ಲಿ ದುಡಿಯುವ ನೀಲವ್ವ ಜನರನ್ನು ಕಟ್ಟಿ ಗೋಡೆ ಒಡೆಯುತ್ತಾರೆ. ಚಾವಿ ಸಂಗಪ್ಪನ ಕೈಗೆ ಬರುತ್ತದೆ. ಆಮೇಲೆ ಅವನು ನಿಧಾನಕ್ಕೆ ಪಂಚರಂತಾಗಿ, ಕಡೆಗೆ ಅವರಿಗಿಂತ ಕಠೋರನಾಗುತ್ತಾನೆ. ಕೊನೆಯ ಅಧ್ಯಾಯದಲ್ಲಿ ನೀಲವ್ವ ಚೌಕದಲ್ಲಿ ನಿಂತು ಹನ್ನೊಂದು ಪುಟ ಮಾತಾಡುತ್ತಾಳೆ, ಜನ ಎಚ್ಚರಾಗುತ್ತಾರೆ, ಸಂಗಪ್ಪ ಬೀಳುತ್ತಾನೆ. ಆ ಹನ್ನೊಂದು ಪುಟಗಳ ಮೇಲೆ ನನಗೆ ಭಾರಿ ಅಭಿಮಾನವಿತ್ತು.

ಪ್ರಕಾಶಕರಿಂದ ಕರಡು ಅಚ್ಚು ಬಂದು, ನಾನದನ್ನು ತಿದ್ದುತ್ತ ಕೂತಿದ್ದಾಗಲೇ ನಾಟಕದ ಮಾತು ಬಂದದ್ದು. ಹುನಗುಂದದ ಒಂದು ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸುವ ಮೇಷ್ಟ್ರು ಇಳಕಲ್ಲಿನ ಹವ್ಯಾಸಿ ತಂಡವೊಂದಕ್ಕೆ ನಾಟಕ ಆಡಿಸುತ್ತಿದ್ದರು. ನಾನು ಕೆಲಸ ಮಾಡುವ ಬಾಗಲಕೋಟೆಯ ಕಾಲೇಜು ಗ್ರಂಥಾಲಯಕ್ಕೆ ಯಾವುದೋ ಪುಸ್ತಕ ಹುಡುಕಿಕೊಂಡು ಬಂದವರು ನನ್ನ ಮೇಜಿನ ಮೇಲಿದ್ದ ಕರಡನ್ನು ನಿಂತಲ್ಲೇ ಮೂವತ್ತು ನಲವತ್ತು ಪುಟ ಓದಿದರು. ಪುಸ್ತಕ ಹೊರಬರುವ ಮೊದಲೇ ಇದನ್ನು ಹುನಗುಂದ, ಬಾದಾಮಿ, ಇಳಕಲ್ಲಿನಲ್ಲಿ ಆಡೋಣ, ಆಡುತ್ತ ಆಡುತ್ತ ನಿಮ್ಮ ಕಾದಂಬರಿಗೂ ಒಂದು ಪರೀಕ್ಷೆಯಾಗುತ್ತದೆ ಎಂದರು. ನಾನು ಒಪ್ಪಿದೆ. ಪರೀಕ್ಷೆ ಎಂಬ ಮಾತನ್ನು ಆಗ ನಾನು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ.

ಮುನ್ನೂರು ಪುಟವನ್ನು ಎರಡು ತಾಸಿಗೆ ಇಳಿಸುವುದೆಂದರೆ ಕಡಿಯುವ ಕೆಲಸ. ಮೊದಲು ಗೋಡೆ ಹೋಯಿತು. ಆಮೇಲೆ ಜನರ ಮೇಲೆ ಕಣ್ಣಿಡುವ ಯಂತ್ರಗಳು, ಕಾವಲುಗಾರರ ಪಡೆ, ಟಾಕಿ, ಮೇಲ್ಪೇಟೆಯ ತೋಟ ಎಲ್ಲ ಹೋದವು. ನಿರ್ದೇಶಕರಾದ ಮೇಷ್ಟ್ರು ಮೂರೇ ವಸ್ತು ಉಳಿಸಿಕೊಂಡರು: ಒಂದು ನಳ, ಸಾಲಾಗಿ ಇಟ್ಟ ಕೊಡಗಳು, ಒಂದು ಚಾವಿ. ಚಾವಿಯೆಂದರೆ ನಮ್ಮ ಬಾಗಲಕೋಟೆಯ ನವನಗರದಲ್ಲಿ ನೀರು ಬಿಡುವವರು ಸೈಕಲ್ಲಿಗೆ ಕಟ್ಟಿಕೊಂಡು ತಿರುಗುತ್ತಾರಲ್ಲ, ನೆಲದೊಳಗಿನ ವಾಲ್ವಿಗೆ ಇಳಿಬಿಟ್ಟು ತಿರುಗಿಸುವ ಎದೆಮಟ್ಟದ ಕಬ್ಬಿಣದ ಸಲಾಕೆ, ತುದಿಗೆ ಅಡ್ಡ ಹಿಡಿಕೆ. ಅದನ್ನು ಹೆಗಲ ಮೇಲಿಟ್ಟುಕೊಂಡು ನಿಂತರೆ ಯಾರಾದರೂ ರಾಜನಂತೆ ಕಾಣುತ್ತಾರೆ. ನಳದ ವಿಷಯದಲ್ಲಿ ನಿರ್ದೇಶಕರು ಹಠ ಹಿಡಿದರು. ನಾಟಕ ಸುಳ್ಳಿದ್ದರೂ ನೀರು ಖರೆ ಬರಬೇಕು ಎನ್ನುವುದು ಅವರ ವಾದ. ಪರದೆಯ ಹಿಂದೆ ಎತ್ತರಕ್ಕೆ ಒಂದು ಡ್ರಮ್ಮು ಇಟ್ಟು, ಪೈಪು ಎಳೆದು, ಹಿತ್ತಾಳೆಯ ಹಳೇ ನಳಕ್ಕೆ ಕೂಡಿಸಿದೆವು. ಮೊದಲ ವಾರವೆಲ್ಲ ಅದು ಬೇಡದ ಹೊತ್ತಿನಲ್ಲಿ ಸೋರುತ್ತಿತ್ತು, ಬೇಕಾದ ಹೊತ್ತಿನಲ್ಲಿ ಗಾಳಿ ಹಿಡಿದು ಕೆಮ್ಮುತ್ತಿತ್ತು.

ತಾಲೀಮು ಇಳಕಲ್ಲಿನ ಒಂದು ಹಳೆಯ ಗೋದಾಮಿನಲ್ಲಿ. ಗೋಡೆಯಾಚೆ ಪವರ್‌ಲೂಮುಗಳು. ಅವು ಓಡುತ್ತಿರುವಾಗ ಮಾತು ಕೇಳುತ್ತಿರಲಿಲ್ಲ. ಕರೆಂಟು ಹೋದಾಗ ಮಾತ್ರ ನನ್ನ ಸಂಭಾಷಣೆಗಳು ನನ್ನ ಕಿವಿಗೆ ಬೀಳುತ್ತಿದ್ದವು, ಬಿದ್ದಾಗಲೆಲ್ಲ ಸಂಕಟವಾಗುತ್ತಿತ್ತು. ಸಂಗಪ್ಪನ ಪಾತ್ರ ಮಾಡುವವರು ಹಗಲು ಮಗ್ಗದ ಕೆಲಸ, ಸುಗ್ಗಿ ಮುಗಿದ ಮೇಲೆ ಊರೂರಿನ ನಾಟಕಗಳಲ್ಲಿ ನಾಯಕನ ಪಾತ್ರ ಮಾಡುತ್ತ ಬಂದ ನಲವತ್ತೈದರ ಮನುಷ್ಯ. ಒಳ್ಳೆಯ ಎತ್ತರ, ಅದಕ್ಕಿಂತ ಒಳ್ಳೆಯ ಕಂಠ. ನನ್ನ ಸಂಗಪ್ಪ ಕಾದಂಬರಿಯಲ್ಲಿ ಪುಸ್ತಕದ ಕನ್ನಡ ಮಾತಾಡುತ್ತಿದ್ದ. "ಶಿಸ್ತಿಲ್ಲದ ಸ್ವಾತಂತ್ರ್ಯ ಸ್ವೇಚ್ಛೆಯಾಗುತ್ತದೆ, ಬಂಧುಗಳೇ" ಎಂಬಂಥ ಸಾಲುಗಳು. ಆ ನಟರು ಅವನ್ನು ಒಂದು ವಾರ ಕಷ್ಟಪಟ್ಟು ಉರು ಹೊಡೆದರು. ಆಮೇಲೊಂದು ಸಂಜೆ ಮೆತ್ತಗೆ ಹೇಳಿದರು.

"ಅಕ್ಕಾರ, ತಪ್ಪ ತಿಳೀಬ್ಯಾಡ್ರಿ. ಈ ಮಾತು ನನ್ನ ಬಾಯಾಗ ಕಟಿಗಿ ಅಗದಂಗ ಆಗ್ತಾವ. ನನ್ನ ಮಾತಿನ್ಯಾಗ ಒಮ್ಮಿ ಹೇಳಿ ತೋರಿಸ್ಲಿ?"

ತೋರಿಸಿದರು. ಚಾವಿಯನ್ನು ನೆಲಕ್ಕೆ ಊರಿ, ಅದರ ಮೇಲೆ ಗದ್ದ ಇಟ್ಟು, ಎದುರಿಗೆ ಕೂತ ಮನೆಯವರೊಂದಿಗೆ ಮಾತಾಡುವಂತೆ ಹೇಳಿದರು: "ನಾ ಯಾರು? ನಿಮ್ಮ ನಳದ ಮುಂದ ಕೊಡ ಹಿಡಕೊಂಡು ನಿಂತಾಕಿ ಮಗ. ನಮ್ಮವ್ವ ನೀರಿಗೆ ನಿಂತು ನಿಂತು ಸಣ್ಣಾಗಿ ಸತ್ಲು. ನನ್ನ ಕೈಯಾಗ ಚಾವಿ ಐತಿ ಅಂದ್ರ ನಿಮ್ಮವ್ವನ ಕೈಯಾಗ ಐತಿ ಅಂತ ತಿಳೀರಿ."

ನಾನು ಆ ವಾರವೇ ಸಂಗಪ್ಪನ ಮಾತನ್ನೆಲ್ಲ ನಮ್ಮ ಕಡೆಯ ಮಾತಿಗೆ ತಿರುಗಿಸಿದೆ. ನೀಲವ್ವನ ಕೊನೆಯ ಭಾಷಣವನ್ನು ಮಾತ್ರ ಪುಸ್ತಕದ ಕನ್ನಡದಲ್ಲೇ ಉಳಿಸಿಕೊಂಡೆ. ಅದು ಗಂಭೀರ, ಅದಕ್ಕೆ ತೂಕ ಬೇಕು ಎಂದುಕೊಂಡಿದ್ದೆ.

ನೀಲವ್ವನ ಪಾತ್ರಧಾರಿ ಇಳಕಲ್ಲಿನ ಸೊಸೆ, ಹುನಗುಂದದ ಒಂದು ಔಷಧದ ಅಂಗಡಿಯಲ್ಲಿ ಕೆಲಸ. ದಿನಾ ಬಸ್ಸಿಗೆ ಹೋಗಿ ಬರುತ್ತಾಳೆ. ಮಾತು ಕಡಿಮೆ, ಆದರೆ ವೇದಿಕೆಯ ಮೇಲೆ ಕೊಡ ಹಿಡಿದು ಸುಮ್ಮನೆ ನಿಂತರೂ ಕಣ್ಣು ಅವಳ ಕಡೆಗೇ ಹೋಗುತ್ತಿತ್ತು. ಪಂಚರಿಂದ ಚಾವಿ ಸಂಗಪ್ಪನ ಕೈಗೆ ಬಂದ ಮೇಲೆ ಅವಳು ಅವನನ್ನು ಒಂದೇ ಒಂದು ಪ್ರಶ್ನೆ ಕೇಳುತ್ತಾಳೆ: ಚಾವಿ ನಿನ್ನ ಕೈಗೆ ಬಂದು ಇಷ್ಟು ದಿನವಾಯಿತು, ಕಡೇ ಓಣಿಗೆ ಇನ್ನೂ ಯಾಕೆ ನೀರು ಬಂದಿಲ್ಲ? ಕಡೇ ಓಣಿಯೆಂದರೆ ಕೆಳಪೇಟೆಯಲ್ಲೂ ಕೆಳಗಿನವರು. ನಾಟಕದ ಜೀವವೆಲ್ಲ ಆ ಪ್ರಶ್ನೆಯಲ್ಲಿತ್ತು.

ಹುನಗುಂದದ ಪ್ರಯೋಗಕ್ಕೆ ಜನ ತುಂಬಿದ್ದರು. ಸಂಗಪ್ಪ ಪಂಚರ ಕೈಯಿಂದ ಚಾವಿ ಕಸಿದುಕೊಂಡಾಗ ಮೊದಲ ಚಪ್ಪಾಳೆ ಬಿತ್ತು. ಅದು ಬೀಳಲೇಬೇಕಿತ್ತು. ಆಮೇಲೆ ನೀಲವ್ವ ತನ್ನ ಪ್ರಶ್ನೆ ಕೇಳಿದಳು. ಸಂಗಪ್ಪ ನಕ್ಕು, "ತಂಗೀ, ನೀ ಮೇಲ್ಪ್ಯಾಟಿಯವರ ಪೈಕಿ ಯಾವಾಗ ಆದಿ?" ಎಂದ. ಎರಡನೆಯ ಚಪ್ಪಾಳೆ ಬಿದ್ದದ್ದು ಅಲ್ಲಿ. ನಡುಸಾಲಿನಿಂದ ಯಾರೋ "ಹಾಕ್ರಿ ಅಕಿನ್ನ ಹೊರಗ" ಎಂದರು. ಆ ಮಾತಿಗೆ ಇನ್ನಷ್ಟು ಸಿಳ್ಳೆ. ಕಡೆಯಲ್ಲಿ ನೀಲವ್ವ ತನ್ನ ಭಾಷಣ ಶುರು ಮಾಡಿದಾಗ ಜನ ಚಪ್ಪಲಿ ಹುಡುಕತೊಡಗಿದರು. ಅವಳು ಎದ್ದು ಹೋಗುವವರ ಬೆನ್ನಿಗೆ ನನ್ನ ಹನ್ನೊಂದು ಪುಟಗಳನ್ನು ಹೇಳಿ ಮುಗಿಸಿದಳು. ನಾಟಕ ಮುಗಿದ ಮೇಲೆ ಸಂಗಪ್ಪನ ಸುತ್ತ ಫೋಟೋ ತೆಗೆಸಿಕೊಳ್ಳುವವರ ಗುಂಪು ಕೂಡಿತು. ಯಾವುದೋ ಸಂಘದ ಹಿರಿಯರೊಬ್ಬರು ತಮ್ಮ ಕೊರಳಿನ ಶಾಲನ್ನೇ ತೆಗೆದು ಅವರಿಗೆ ಹೊದಿಸಿ, ಊರಿಗೆ ಇಂಥ ಒಬ್ಬ ಮನುಷ್ಯ ಬೇಕು ನೋಡ್ರಿ ಎಂದರು. ಅವರು ಹೇಳಿದ್ದು ನಟನ ಬಗ್ಗೆಯಲ್ಲ, ಸಂಗಪ್ಪನ ಬಗ್ಗೆ.

ನೀಲವ್ವನ ಪಾತ್ರಧಾರಿ ಬಣ್ಣ ತೆಗೆಯುವ ಕೋಣೆಯಲ್ಲಿ ಕೊಡವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನಾನು ಏನೋ ಸಮಾಧಾನ ಹೇಳಲು ಹೋದೆ. ಅವಳು ತಲೆ ಎತ್ತದೆ ಹೇಳಿದಳು.

"ಬೈಸಿಕೊಳ್ಳೋ ಪಾತ್ರ ಅಂತ ಗೊತ್ತಿದ್ದ ಬಂದೇನ್ರಿ. ಆದ್ರ ಹೊರಗ ಹಾಕ್ರಿ ಅಂದವನ ದನಿ ನನಗ ಗುರ್ತೈತಿ. ಅವನ ತಾಯಿಗೆ ಶುಗರಿನ ಗುಳಿಗಿ ವಾರಕ್ಕೊಮ್ಮಿ ನಾನ ಕೊಡ್ತೇನಿ. ನಾಳೆ ಬಂದ್ರ ಯಾವ ಮಾರಿ ಇಟ್ಟಕೊಂಡು ಕೊಡ್ಲಿ?"

ನಿರ್ದೇಶಕರು ಇದನ್ನೆಲ್ಲ ದೊಡ್ಡದು ಮಾಡಬೇಡಿ ಎಂದರು. ಜನ ಬಂದರು, ಕೂತರು, ಮೆಚ್ಚಿದರು. ನಾಟಕ ಗೆದ್ದಿದೆ ಎಂಬುದು ಅವರ ಲೆಕ್ಕ. ನನಗೆ ಬಾಗಲಕೋಟೆಯವರೆಗೆ ಬಸ್ಸಿನಲ್ಲಿ ಕೂತಿರುವುದೇ ಕಷ್ಟವಾಯಿತು. ಮನೆಯಲ್ಲೂ ಅದೇ. ಗ್ರಂಥಾಲಯದಲ್ಲಿ ಹುಡುಗರು ಕೇಳಿದ ಪುಸ್ತಕದ ಬದಲು ಬೇರೆ ಯಾವುದನ್ನೋ ಕೊಡುತ್ತಿದ್ದೆ. ಒಬ್ಬ ಸರ್ವಾಧಿಕಾರಿ ಹೇಗೆ ಹುಟ್ಟುತ್ತಾನೆ ಎಂದು ತೋರಿಸಲು ಬರೆದದ್ದು ಅವನನ್ನು ಹುಟ್ಟಿಸುತ್ತಿದೆ ಎನ್ನುವುದು ತಲೆಯಲ್ಲಿ ಕೊರೆಯುತ್ತಿತ್ತು. ಪ್ರಕಾಶಕರು ಕರಡು ಬೇಗ ಕಳಿಸಿ ಎಂದು ಫೋನು ಮಾಡಿದರು. ಇನ್ನೊಂದು ವಾರ ಕೊಡಿ ಎಂದೆ.

ಆ ವಾರದಲ್ಲಿ ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಸಂಗಪ್ಪನನ್ನು ಕೆಟ್ಟವನನ್ನಾಗಿ ಮಾಡಿದೆ. ಎರಡನೇ ದೃಶ್ಯದಲ್ಲೇ ಅವನು ಮುದುಕನೊಬ್ಬನ ಕೊಡ ಒದೆಯುವಂತೆ ಬರೆದೆ. ಅವನಿಂದ ಕದ್ದುಮುಚ್ಚಿ ಮೇಲ್ಪೇಟೆಯವರೊಂದಿಗೆ ಊಟ ಮಾಡಿಸಿದೆ. ಒಬ್ಬನೇ ನಿಂತು ಜನರನ್ನು ಹಂಗಿಸುವ ಸ್ವಗತವನ್ನೂ ಕೊಟ್ಟೆ. ಸಂಗಪ್ಪನ ಪಾತ್ರಧಾರಿ ಹೊಸ ಮಾತುಗಳನ್ನು ಓದಿ, ಹಾಳೆಯನ್ನು ಮಡಿಚಿ ಕಿಸೆಯಲ್ಲಿಟ್ಟುಕೊಂಡರು. ಹೀಗೆ ಮೊದಲೇ ಗೊತ್ತಾದರೆ ಈ ಸಂಗಪ್ಪನ ಹಿಂದೆ ಯಾರು ಬರುತ್ತಾರೆ ಎಂದಷ್ಟೇ ಕೇಳಿದರು. ನಾನು ಕೇಳಿಸಿಕೊಳ್ಳಲಿಲ್ಲ.

ಬಾದಾಮಿಯಲ್ಲಿ ಆ ರೂಪದ ಪ್ರಯೋಗವಾಯಿತು. ಸಂಗಪ್ಪ ಕೊಡ ಒದ್ದಾಗ ಜನ ನಕ್ಕರು. ಹಳೇ ನಾಟಕಗಳ ಖಳನಾಯಕ ಬಂದ ಎಂದು ಅವರಿಗೆ ಥಟ್ಟನೆ ಗೊತ್ತಾಗಿಹೋಯಿತು. ಖಳನಾಯಕ ಬಂದ ಮೇಲೆ ನೋಡುವವರಿಗೆ ಚಿಂತೆಯಿಲ್ಲ. ತಾವು ಅವನಲ್ಲ, ಅವನ ಕಡೆಯವರೂ ಅಲ್ಲ. ಎಲ್ಲರೂ ಆರಾಮಾಗಿ ಕೂತು ಶೇಂಗಾ ತಿಂದರು. ನೀಲವ್ವನ ಭಾಷಣಕ್ಕೆ ಈ ಸಲ ಚಪ್ಪಾಳೆ ಬಿತ್ತು, ಊಟದ ಕೊನೆಗೆ ಮಜ್ಜಿಗೆ ಬಂದಾಗಿನ ಸಂತೋಷದಂತೆ. ಸಂಗಪ್ಪನ ಪಾತ್ರಧಾರಿಗೆ ಯಾರೂ ಶಾಲು ಹೊದಿಸಲಿಲ್ಲ. ಸಾಮಾನು ಕಟ್ಟುವಾಗ ಅವರು ನನ್ನ ಕಡೆ ನೋಡಲೇ ಇಲ್ಲ. ಹುನಗುಂದದಲ್ಲಿ ಕಡೇ ಪಕ್ಷ ಜನರಿಗೆ ಏನೋ ಆಗಿತ್ತು. ಬಾದಾಮಿಯಲ್ಲಿ ಏನೂ ಆಗಲಿಲ್ಲ.

ಅಂದು ನಾನು ಪಟ್ಟದಕಲ್ಲಿನಲ್ಲಿರುವ ನನ್ನ ಚಿಕ್ಕಮ್ಮನ ಮನೆಯಲ್ಲಿ ಉಳಿದೆ. ಬೆಳಿಗ್ಗೆ ಕರಡಿನ ಕಟ್ಟು ಹಿಡಿದುಕೊಂಡು ಗುಡಿಗಳ ಕಡೆ ಹೋದೆ. ಎಲ್ಲಾದರೂ ನೆರಳಲ್ಲಿ ಕೂತು ತಿದ್ದಿ ಮುಗಿಸಿ, ಮಧ್ಯಾಹ್ನದ ಬಸ್ಸಿಗೆ ಬಾದಾಮಿಗೆ ಹೋಗಿ ಅಂಚೆಗೆ ಹಾಕಿಬಿಡೋಣ, ಇದರ ಸಹವಾಸ ಸಾಕು ಎನಿಸಿತ್ತು. ಕೊನೆಯ ಅಧ್ಯಾಯ ತೆರೆದೆ. ಒಂದು ಸಾಲೂ ಮುಂದೆ ಹೋಗಲಿಲ್ಲ. ಎದುರಿಗೆ ಹುಲ್ಲಿನ ಮೇಲೆ ಒಂದು ಸಾಲೆಯ ಮಕ್ಕಳು ಪ್ರವಾಸಕ್ಕೆ ಬಂದು ಕೂತಿದ್ದರು. ಗೈಡು ಹೇಳುವುದನ್ನು ಹೇಳಿ ಮುಗಿಸಿದ. ಮಾಸ್ತರು ಮುಂದೆ ಬಂದು ಅಂಗೈ ಮೇಲೆತ್ತಿದರು. ಮಕ್ಕಳೆಲ್ಲ ಒಮ್ಮೆಲೇ ಚಪ್ಪಾಳೆ ಶುರು ಮಾಡಿದವು. ಮಾಸ್ತರು ಮುಷ್ಟಿ ಬಿಗಿದರು. ಚಪ್ಪಾಳೆ ಕತ್ತರಿಸಿದಂತೆ ನಿಂತಿತು. ಮತ್ತೆ ಅಂಗೈ, ಮತ್ತೆ ಮುಷ್ಟಿ. ಮಾಸ್ತರು ಒಳ್ಳೆಯವರೇ ಇದ್ದಿರಬೇಕು, ನಗುತ್ತಿದ್ದರು. ಮಕ್ಕಳೂ ನಗುತ್ತಿದ್ದವು. ಇದನ್ನು ನಾವೆಲ್ಲ ಸಾಲೆಯಲ್ಲಿ ಮಾಡಿದವರೇ.

ನಾನು ಕರಡನ್ನು ಮುಚ್ಚಿದೆ.

ಇಷ್ಟು ದಿನ ನಾನು ಕೆಳಪೇಟೆಯ ಜನರನ್ನು ವೇದಿಕೆಯ ಮೇಲೆ ಹುಡುಕುತ್ತಿದ್ದೆ. ಅಲ್ಲಿ ಇದ್ದದ್ದು ಆರು ಜನ ಮತ್ತು ಒಂದಷ್ಟು ಕೊಡ. ಕೆಳಪೇಟೆ ಕುರ್ಚಿಗಳಲ್ಲಿ ಕೂತಿತ್ತು. ಹುನಗುಂದದಲ್ಲಿ ಅವರು ನಾಟಕ ಕೆಡಿಸಲಿಲ್ಲ. ನಾಟಕದಲ್ಲಿ ತಮ್ಮ ಪಾತ್ರವನ್ನು ಮಾಡಿದರು. ಸಂಗಪ್ಪನಿಗೆ ಬಲ ಬಂದದ್ದು ಆ ಚಪ್ಪಾಳೆಯಿಂದಲೇ. ನಾನು ಅದನ್ನು ತಡೆಯಲು ಹೋಗಿದ್ದೆ. ಅದು ಬೀಳಲಿ ಎಂದು ಬಿಟ್ಟು, ಬಿದ್ದ ಮೇಲೆ ಏನಾಗುತ್ತದೆ ಎಂದು ತೋರಿಸಬೇಕಿತ್ತು. ನೀಲವ್ವನ ಭಾಷಣವೇ ದೊಡ್ಡ ಸುಳ್ಳು. ಅಷ್ಟಾದ ಮೇಲೆ ಯಾವ ಊರಿನಲ್ಲಿ ಯಾವ ಸಂಗಪ್ಪ ಒಬ್ಬ ಹೆಣ್ಣುಮಗಳಿಗೆ ಹನ್ನೊಂದು ಪುಟ ಮಾತಾಡಲು ಬಿಡುತ್ತಾನೆ?

ಬಸ್ಸಿಗೆ ಕಾಯುತ್ತ ನಿಂತಲ್ಲಿಂದಲೇ ಪ್ರಕಾಶಕರಿಗೆ ಫೋನು ಮಾಡಿ, ಕೊನೆಯ ಅಧ್ಯಾಯ ತೆಗೆದುಬಿಡಿ, ಹೊಸದು ಬರೆದು ಕೊಡುವವರೆಗೆ ಅಚ್ಚು ನಿಲ್ಲಿಸಿ ಎಂದೆ. ಅವರಿಗೆ ಸಿಟ್ಟು ಬಂತು. ಪುಸ್ತಕ ಬಿಡುಗಡೆಯ ಮಾತು ನಾಲ್ಕು ಜನರಿಗೆ ಹೇಳಿಯಾಗಿದೆ, ಈಗ ನಿಲ್ಲಿಸಿದರೆ ಮುಂದೆ ಯಾವಾಗ ಕೈಗೆತ್ತಿಕೊಳ್ಳುತ್ತೇನೋ ಹೇಳಲಾರೆ ಎಂದರು. ಆಗಲಿ ಎಂದೆ. ಎಷ್ಟೋ ದಿನಗಳ ಮೇಲೆ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದೆ.

ಇಳಕಲ್ಲಿನ ಪ್ರಯೋಗಕ್ಕೆ ಹೆಚ್ಚು ದಿನ ಇರಲಿಲ್ಲ. ಹೊಸ ರೂಪ ಹೀಗಿತ್ತು. ಮೊದಲ ಅರ್ಧ ಹುನಗುಂದದಲ್ಲಿ ಆಡಿದಂತೆಯೇ. ಸಂಗಪ್ಪ ಎಲ್ಲರ ಮನೆಯ ಮಗ. ನೀಲವ್ವ ಪ್ರಶ್ನೆ ಕೇಳಿದ ಮೇಲೆ ಸಂಗಪ್ಪ ತಾನು ತೀರ್ಪು ಕೊಡುವುದಿಲ್ಲ. ಸಭಿಕರ ಕಡೆ ತಿರುಗಿ, ಏನು ಮಾಡಲಿ ನೀವೇ ಹೇಳಿ ಎನ್ನುತ್ತಾನೆ. ಜನ ಹೇಳಿದಂತೆ ಮಾಡುತ್ತಾನೆ. ಹೊರಗೆ ಹಾಕಿ ಎಂದರೆ ಅವಳು ತನ್ನ ಕೊಡ ಎತ್ತಿಕೊಂಡು ಮಾತಿಲ್ಲದೆ ಹೋಗುತ್ತಾಳೆ, ಮತ್ತೆ ನಾಟಕದಲ್ಲಿ ಬರುವುದಿಲ್ಲ. ಎರಡನೇ ಅರ್ಧದಲ್ಲಿ ಸಂಗಪ್ಪ ಸಭಿಕರನ್ನೇ ಆಳುತ್ತಾನೆ: ಅಂಗೈ ಎತ್ತಿದರೆ ಚಪ್ಪಾಳೆ, ಮುಷ್ಟಿ ಬಿಗಿದರೆ ಮೌನ. ಕೊನೆಗೆ ಭಾಷಣವಿಲ್ಲ, ಪರದೆ ಬೀಳುವುದಿಲ್ಲ, ನಟರೆಲ್ಲ ಬಂದು ಕೈ ಮುಗಿಯುವುದೂ ಇಲ್ಲ. ಸಂಗಪ್ಪ ಚಾವಿ ಹಿಡಿದು ನಿಂತಿರುತ್ತಾನೆ. ಸಭಿಕರಲ್ಲಿ ಯಾರಾದರೂ ಅವಳೆಲ್ಲಿ ಎಂದು ಕೇಳಿದರೆ ಮಾತ್ರ ನೀಲವ್ವ ಮತ್ತೆ ವೇದಿಕೆಗೆ ಬರುತ್ತಾಳೆ.

ನಿರ್ದೇಶಕರು ಕೇಳಿ ಹಣೆ ಹಿಡಿದುಕೊಂಡರು. "ಜನಾ ಬ್ಯಾಡ, ಅಕಿನ್ನ ಬಿಡ್ರಿ ಅಂದ್ರ ಏನ ಮಾಡೋದ್ರಿ? ನಾಟಕ ಅಲ್ಲೇ ಮುಗೀತು."

"ಮುಗೀಲಿ ಬಿಡ್ರಿ," ಎಂದೆ. "ಅದಕ್ಕಿಂತ ಚಲೋ ಮುಗಿಸೋದು ನನಗಂತೂ ಬರೂದಿಲ್ಲ."

ಅವರು ಬಹಳ ಹೊತ್ತು ವಾದ ಮಾಡಿದರು. ಯಾರೂ ಏನೂ ಕೇಳದೆ ಎದ್ದು ಹೋದರೆ ಅರ್ಧಕ್ಕೆ ನಿಂತ ನಾಟಕ ಎಂದು ಊರೆಲ್ಲ ಆಡಿಕೊಳ್ಳುತ್ತದೆ ಎಂದರು. ಅದು ಸರಿಯಾದ ಭಯವೇ. ಆದರೆ ನಿಜವಾದ ಕಷ್ಟ ಬಂದದ್ದು ಸಂಗಪ್ಪನ ಪಾತ್ರಧಾರಿಯಿಂದ. ಇಳಕಲ್ಲು ಅವರ ಊರು. ಅಲ್ಲಿನ ಜನರಿಗೆ ಹೀಗೆ ಕೈ ಸನ್ನೆಯಲ್ಲಿ ಅಪ್ಪಣೆ ಮಾಡಿ, ಕಡೆಗೆ ಚಪ್ಪಾಳೆಯನ್ನೂ ಪಡೆಯದೆ ನಿಲ್ಲುವುದು ಅವರಿಗೆ ಬೇಡವಾಗಿತ್ತು. "ನಾಟಕ ಮುಗದ ಮ್ಯಾಲ ಕೈ ಮುಗದು ನಿಂತಾಗ ಬೀಳ್ತದಲ್ರಿ, ಆ ಚಪ್ಪಾಳಿಗೆ ನಾ ಇಪ್ಪತ್ತು ವರ್ಷದಿಂದ ಬಣ್ಣ ಹಚ್ಚೀನಿ. ಅದನ್ನೂ ಕಸಗೊಂಡ್ರ ನನಗೇನ ಉಳೀತು?" ಎಂದು ಅವರು ಚಾವಿಯನ್ನು ಗೋಡೆಗೆ ಆನಿಸಿ ಹೊರಗೆ ಹೋದರು. ಗೋಡೆಯಾಚೆ ಮಗ್ಗಗಳು ಓಡುತ್ತಿದ್ದವು.

ಅವರನ್ನು ಒಪ್ಪಿಸಿದ್ದು ನಾನಲ್ಲ. ನೀಲವ್ವನ ಪಾತ್ರಧಾರಿ ಎದ್ದು ಅವರ ಹಿಂದೆಯೇ ಹೋದಳು. ಗೋದಾಮಿನ ಕಟ್ಟೆಯ ಮೇಲೆ ಅವರ ಪಕ್ಕ ಸ್ವಲ್ಪ ದೂರ ಬಿಟ್ಟು ಕೂತಳು. ನಾನು ಬಾಗಿಲಲ್ಲಿ ನಿಂತಿದ್ದೆ.

"ಅಣ್ಣಾರ, ಹುನಗುಂದದಾಗ ನಿಮಗ ಬಿದ್ದ ಚಪ್ಪಾಳಿ ನನ್ನ ಮೈಮ್ಯಾಲ ಬಿದ್ದಿತ್ತು," ಎಂದಳು. "ನಿಮಗ ಗೊತ್ತಾಗಲಿಲ್ಲ. ನಿಮ್ಮ ಮಾರಿ ಅವರ ಕಡೆ ಇತ್ತು."

ಅವರು ಎದ್ದು ಒಳಗೆ ಬಂದು ಚಾವಿ ತೆಗೆದುಕೊಂಡು, ಅಂಗೈ ಎಷ್ಟು ಎತ್ತರಕ್ಕೆ ಎತ್ತಬೇಕು ಎಂದು ನಿರ್ದೇಶಕರನ್ನು ಕೇಳಿದರು.

ಆ ಅಂಗೈಯ ತಾಲೀಮೇ ನಾಲ್ಕು ಸಂಜೆ ನಡೆಯಿತು. ಎದೆಮಟ್ಟದಲ್ಲಿ ಎತ್ತಿದರೆ ಆಶೀರ್ವಾದದಂತಿತ್ತು, ತಲೆಯ ಮೇಲೆ ಎತ್ತಿದರೆ ಘೋಷಣೆಯಂತೆ. ಕಡೆಗೆ ಹೆಗಲ ಮಟ್ಟಕ್ಕೆ, ಮೊಣಕೈ ಸ್ವಲ್ಪ ಮಡಿಚಿ, ಮಕ್ಕಳನ್ನು ಕರೆಯುವಂತೆ ಎತ್ತುವುದೆಂದಾಯಿತು. ಮುಷ್ಟಿ ಬಿಗಿಯುವಾಗ ಮುಖದಲ್ಲಿ ನಗು ಹಾಗೆಯೇ ಇರಬೇಕು. ಪಕ್ಕದ ಮಗ್ಗದವರನ್ನು ಕರೆದು ಕೂರಿಸಿ ಪ್ರಯತ್ನಿಸಿದೆವು. ಅವರು ಎರಡನೇ ಸಲಕ್ಕೇ ಕಲಿತುಬಿಟ್ಟರು. ನಮಗೆ ಯಾರಿಗೂ ಅದರಿಂದ ಸಮಾಧಾನವಾಗಲಿಲ್ಲ.

ಇಳಕಲ್ಲಿನಲ್ಲಿ ಸಂಜೆ ಬಯಲಿನಲ್ಲಿ ಹಾಕಿದ ವೇದಿಕೆಯ ಮೇಲೆ ನಾಟಕ ಶುರುವಾದಾಗ ಕೂರಲು ಜಾಗವಿರಲಿಲ್ಲ. ಹೆಣ್ಣುಮಕ್ಕಳು ಎಡಗಡೆ ಜಮಖಾನೆಯ ಮೇಲೆ, ಉಳಿದವರು ಕುರ್ಚಿಗಳಲ್ಲಿ, ಹಿಂದೆ ನಿಂತವರು ಬೇರೆ. ನಳ ಆ ದಿನ ಕೆಮ್ಮದೆ ನೀರು ಕೊಟ್ಟಿತು. ಚಾವಿ ಕಸಿದುಕೊಂಡಾಗ ಚಪ್ಪಾಳೆ ಬಿತ್ತು. ಅವ್ವನ ಮಾತಿಗೆ ಹೆಣ್ಣುಮಕ್ಕಳ ಕಡೆ ಕೆಲವರು ಸೆರಗು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ನೀಲವ್ವ ಕೊಡಗಳ ಸಾಲಿನಿಂದ ಒಂದು ಹೆಜ್ಜೆ ಮುಂದೆ ಬಂದು ಕೇಳಿದಳು.

"ಸಂಗಣ್ಣಾ, ಕಡೀ ಓಣಿಗೆ ನೀರ ಯಾಕ ಬಂದಿಲ್ಲ?"

ಸಂಗಪ್ಪ ಸಭಿಕರ ಕಡೆ ತಿರುಗಿದ. ನೋಡ್ರಿ, ನಾ ಹಗಲೂ ರಾತ್ರಿ ನಿಮಗಾಗಿ ಸಾಯಾಕತ್ತೇನಿ, ಇಕಿಗೆ ಲೆಕ್ಕ ಬೇಕಂತ ಎಂದ. ಏನು ಮಾಡಲಿ ಎಂದು ಕೇಳಿದ. ನಾನು ಪರದೆಯ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದೆ. ಬಿಡ್ರಿ ಅನ್ನಲಿ, ಯಾರಾದರೂ ಬಿಡ್ರಿ ಅನ್ನಲಿ, ನಾಟಕ ಹಾಳಾಗಿ ಹೋಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ನಾಲ್ಕನೇ ಸಾಲಿನಲ್ಲಿ ಕೂತಿದ್ದ ದಪ್ಪ ಮೀಸೆಯವನೊಬ್ಬ ಎದ್ದು ನಿಂತು, ನಗುತ್ತಲೇ, ಹಾಕ್ರಿ ಹೊರಗ ಎಂದ. ಅವನ ಹಿಂದೆ ಹತ್ತು ದನಿ, ಆಮೇಲೆ ಎಣಿಸಲಾಗದಷ್ಟು. ನೀಲವ್ವ ಕೊಡವನ್ನು ಸೊಂಟಕ್ಕೆತ್ತಿಕೊಂಡು ನಾನು ನಿಂತ ಕಡೆಯಿಂದಲೇ ಒಳಗೆ ಬಂದಳು. ಒಂದು ಟ್ರಂಕಿನ ಮೇಲೆ ಕೂತಳು.

ಎರಡನೇ ಅರ್ಧದಲ್ಲಿ ಸಂಗಪ್ಪ ಅಂಗೈ ಎತ್ತಿದ. ಜನ ಹುರುಪಿನಿಂದ ಚಪ್ಪಾಳೆ ತಟ್ಟಿದರು. ಮುಷ್ಟಿ ಬಿಗಿದ. ನಿಂತಿತು. ನಗು ಎದ್ದಿತು; ಆಟ ಅವರಿಗೆ ಹಿಡಿಸಿತ್ತು. ನಾಟಕ ಮುಂದೆ ಹೋದಂತೆ ಅವನು ನಳ ಬಂದ್ ಮಾಡಿಸಿದ, ಚಪ್ಪಾಳೆ ಕೇಳಿದ. ಕಡೇ ಓಣಿಯನ್ನು ಊರಿನಿಂದಲೇ ಹೊರಗಿಟ್ಟ, ಚಪ್ಪಾಳೆ ಕೇಳಿದ. ಮುಂದಿನ ಸಾಲಿನವರು ಎದ್ದು ನಿಂದರ್ರಿ ಎಂದ, ಅವರು ನಿಂತರು. ಕೂಡ್ರಿ ಎನ್ನಲು ಮರೆತವನಂತೆ ಅವರನ್ನು ಹಾಗೆಯೇ ಬಿಟ್ಟ. ಹಿಂದಿನವರಿಗೆ ವೇದಿಕೆ ಕಾಣದಾಯಿತು, ಆದರೂ ಯಾರೂ ಕೂಡ್ರಿ ಎನ್ನಲಿಲ್ಲ. ನಗು ಯಾವಾಗ ನಿಂತಿತೋ ನನಗೆ ಗೊತ್ತಾಗಲಿಲ್ಲ. ಚಪ್ಪಾಳೆ ಮಾತ್ರ ನಿಂತಿರಲಿಲ್ಲ. ಕಡೆಯ ಸಲ ಅವನು ಅಂಗೈ ಎತ್ತಿದಾಗ ಬಿದ್ದ ಚಪ್ಪಾಳೆ ಒಣಗಿತ್ತು, ಕೆಲಸದಂತಿತ್ತು. ಅವನು ಮುಷ್ಟಿ ಬಿಗಿದು ನಿಂತ. ಬಯಲಿನ ದೀಪ ಹತ್ತಿತು. ನಾಟಕ ಮುಗಿಯಿತು ಎಂದು ಯಾರೂ ಹೇಳಲಿಲ್ಲ.

ಜನ ಕಾದರು. ಕೈ ಮುಗಿಯಲು ನಟರು ಬರಲಿಲ್ಲ. ಮುಂದಿನ ಸಾಲಿನವರು ಒಬ್ಬೊಬ್ಬರಾಗಿ ಕೂತರು, ಆಮೇಲೆ ಎದ್ದು ಹೊರಟರು. ಕುರ್ಚಿ ಎಳೆಯುವ ಸದ್ದು. ನಿರ್ದೇಶಕರು ನನ್ನ ಕಿವಿಯ ಹತ್ತಿರ ಬಂದು, ಸಾಕು, ಎಲ್ಲರನ್ನೂ ಕರೆದು ಮುಗಿಸಿಬಿಡೋಣ ಎಂದರು. ನಾನು ತಲೆಯಾಡಿಸಿ ಬೇಡ ಎಂದೆ. ವೇದಿಕೆಯ ಮೇಲೆ ಸಂಗಪ್ಪನ ಪಾತ್ರಧಾರಿಯ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ಅವರ ಊರಿನ ಜನ ಅವರಿಗೆ ಬೆನ್ನು ಮಾಡಿ ಹೋಗುತ್ತಿದ್ದರು. ಅರ್ಧ ಬಯಲು ಖಾಲಿಯಾಯಿತು. ಟ್ರಂಕಿನ ಮೇಲೆ ಕೂತವಳು, ಯಾರೂ ಕೇಳೂದಿಲ್ಲ ಬಿಡ್ರಿ ಅಕ್ಕಾರ ಎಂದು ಮೆಲ್ಲಗೆ ಅಂದು ಕೊಡವನ್ನು ನೆಲಕ್ಕಿಟ್ಟಳು.

ಆಗ ಬಯಲಿನ ಗೇಟಿನ ಹತ್ತಿರ ಹೋಗಿದ್ದ ದಪ್ಪ ಮೀಸೆಯವನು ತಿರುಗಿ ಬಂದ. ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ವೇದಿಕೆಯ ಹತ್ತಿರ ನಿಂತ. ನಗುತ್ತಿರಲಿಲ್ಲ.

"ಅಕಿನ್ನ ಏನ ಮಾಡಿದ್ರಿ?" ಎಂದ.

ಸಂಗಪ್ಪನ ಪಾತ್ರಧಾರಿಗೆ ನಾವು ಇದಕ್ಕೆ ಮಾತು ಕೊಟ್ಟಿರಲಿಲ್ಲ. ಅವರು ನಮ್ಮ ಕಡೆ ನೋಡಲೂ ಇಲ್ಲ. ನಿಜವಾಗಿ ನೆನಪಿಲ್ಲದವರಂತೆ ಕೇಳಿದರು: "ಯಾರನ್ನ?"

"ನೀರ ಕೇಳಿದಾಕಿನ್ನ," ಎಂದ ಅವನು. ಆಮೇಲೆ ದನಿ ತಗ್ಗಿಸಿ, "ನಾವ ಹೊರಗ ಹಾಕಿದ್ವಲ್ಲ, ಅಕಿನ್ನ."

ಹೊರಟವರು ಅಲ್ಲಲ್ಲೇ ನಿಂತರು. ನಿರ್ದೇಶಕರು ನೀಲವ್ವನಿಗೆ ಹೋಗು ಎಂದು ಸನ್ನೆ ಮಾಡಿದರು. ಅವಳು ಏಳಲಿಲ್ಲ. ಹೆಣ್ಣುಮಕ್ಕಳ ಕಡೆಯಿಂದ ಇನ್ನೊಂದು ದನಿ, ವಯಸ್ಸಾದದ್ದು, ಹೌದಪಾ ಅಕಿ ಎಲ್ಲಿ ಅಂತ ಕೇಳಿತು. ಆಮೇಲೆ ಮತ್ತೊಂದು. ಆಗ ಅವಳು ಎದ್ದು ಕೊಡ ತೆಗೆದುಕೊಂಡು ಬೆಳಕಿಗೆ ಹೋಗಿ, ಕೊಡಗಳ ಸಾಲಿನಲ್ಲಿ ತನ್ನ ಜಾಗದಲ್ಲಿ ನಿಂತಳು. ಮೀಸೆಯವನು ಅವಳನ್ನೇ ನೋಡುತ್ತಿದ್ದ. ಅವಳೂ ಅವನನ್ನು ನೋಡಿದಳು. ಸಂಗಪ್ಪನ ಪಾತ್ರಧಾರಿ ಮುಷ್ಟಿ ಸಡಿಲಿಸಿದರು. ಆ ಕೈಯನ್ನು ಏನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ. ಮೆಲ್ಲಗೆ ಬೆನ್ನ ಹಿಂದೆ ಇಟ್ಟುಕೊಂಡರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಬೇಕೋ ಬೇಡವೋ ಎಂದು ಯಾರಿಗೂ ತಿಳಿದಿರಲಿಲ್ಲ. ಜನ ತಂತಮ್ಮಲ್ಲಿ ಮಾತಾಡುತ್ತ ಹೋದರು.

ಪ್ರಕಾಶಕರು ಕಾದಂಬರಿಯನ್ನು ಆರು ತಿಂಗಳು ಮೂಲೆಗಿಟ್ಟು ಆಮೇಲೆ ಹೊರತಂದರು. ಅದರಲ್ಲಿ ಭಾಷಣವಿಲ್ಲ. ದಪ್ಪ ಮೀಸೆಯವನನ್ನು ಕಡೆಯ ಪುಟಕ್ಕೆ ತರುವ ಆಸೆಯಾಗಿತ್ತು, ಒಮ್ಮೆ ಬರೆದೂ ನೋಡಿದೆ. ಹರಿದುಹಾಕಿದೆ. ಇಳಕಲ್ಲಿನಲ್ಲಿ ಅವನು ತಾನಾಗಿ ತಿರುಗಿ ಬಂದಿದ್ದ. ಪುಸ್ತಕದಲ್ಲಿ ನಾನು ಕರೆತಂದರೆ ಅವನು ನನ್ನ ಕೈಯಾಳಾಗುತ್ತಾನೆ. ಈಗ ಕಾದಂಬರಿ ನೀಲವ್ವ ಕೊಡ ಎತ್ತಿಕೊಂಡು ಹೋಗುವಲ್ಲಿಂದ ಇನ್ನೂ ಮೂವತ್ತು ಪುಟ ಅವಳ ಹೆಸರೇ ಇಲ್ಲದೆ ಸಾಗಿ ನಿಲ್ಲುತ್ತದೆ. ಓದಿದವರು ಸಿಕ್ಕಾಗ ಒಳ್ಳೆಯದಿದೆ ಎನ್ನುತ್ತಾರೆ, ಸಂಗಪ್ಪನ ಬಗ್ಗೆ ಬಹಳ ಮಾತಾಡುತ್ತಾರೆ. ನಾನು ಹೂಂ ಎನ್ನುತ್ತ, ಅವಳ ಬಗ್ಗೆ ಕೇಳುತ್ತಾರೇನೋ ಎಂದು ಅವರ ಮುಖ ನೋಡುತ್ತಿರುತ್ತೇನೆ.